ಅಪಸ್ಮಾರ ಚಿಕಿತ್ಸೆಯಲ್ಲಿ ತಿಕ್ತರಸದ ಸ್ಥಾನ

ಮೂರ್ಛೆರೋಗಕ್ಕೆ ಕಹಿಯೇ ಮದ್ದೆಂಬ ನಂಬಿಕೆ ನಮ್ಮ ನಾಡಿನಲ್ಲಿ ಬಹು ಹಳೆಯದು. ಬೆಂಗಳೂರಿನ ದಂಡು ಪ್ರದೇಶಕ್ಕೆ ಸೇರಿದ ಹಲಸೂರಿನ ಪೇಟೆಯಲ್ಲಿ ಗ್ರಂಧಿಗೆ ಅಂಗಡಿಯ ಮುಂದೆ ಅರ್ಧ ಗಳಿಗೆ ನಿಂತರೆ ಈ ನಂಬಿಕೆ ಇನ್ನೂ ಜೀವಂತವಾಗಿರುವುದು ತಿಳಿದುಬರುತ್ತದೆ. ಮಗುವಿಗೆ ಫಿಟ್ಸು ಬರುತ್ತದೆಂದು ಹೇಳಿ ಒಬ್ಬಾಕೆ ನೆಲಬೇವನ್ನು ಕೇಳಿದರೆ, ಇನ್ನೊಬ್ಬಾಕೆ ಅದನ್ನೇ ತಮಿಳಿನಲ್ಲಿ ನಿಲವೇಂಬು ಎಂದು ಕೇಳುತ್ತಾಳೆ. 19ನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರ ದಂಡು ಇಲ್ಲಿ ನೆಲೆಯೂರಿದಂದಿನಿಂದ ಕನ್ನಡ ತಮಿಳುಗಳೆರಡೂ ಈ ಊರಿನಲ್ಲಿ ಅಕ್ಕಪಕ್ಕದ ಮನೆಗಳಂತೆ ಬಾಳಿವೆ. ಸೊಪ್ಪಿನ ಹೆಸರು ಬೇರೆಯಾದರೂ ಕಹಿ ಒಂದೇ, ಅದನ್ನು ಕೊಳ್ಳುವ ತಾಯಿಯ ಕಳವಳವೂ ಒಂದೇ. ಈ ಕಹಿಯ ಮೇಲೆ ನಮ್ಮ ಪ್ರಾಚೀನ ವೈದ್ಯರು ಯಥಾರ್ಥವಾಗಿ ಎಷ್ಟು ಭರವಸೆ ಇಟ್ಟಿದ್ದರು, ಇಂದಿನ ಅರಿವಿನ ಬೆಳಕಿನಲ್ಲಿ ಅದರ ಬೆಲೆಯೆಷ್ಟು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರ. ಸ್ಮಾರವೆಂದರೆ ಸ್ಮರಣೆ, ಅದು ಅಪಗತವಾಗುವುದೇ ಅಪಸ್ಮಾರ. ಚರಕಸಂಹಿತೆಯ ನಿದಾನಸ್ಥಾನದ 8ನೆಯ ಅಧ್ಯಾಯ ಹಾಗೂ ಚಿಕಿತ್ಸಾಸ್ಥಾನದ 10ನೆಯ ಅಧ್ಯಾಯಗಳು ಈ ರೋಗಕ್ಕೇ ಮೀಸಲಾಗಿವೆ. ಸುಶ್ರುತನು ಉತ್ತರತಂತ್ರದ 61ನೆಯ ಅಧ್ಯಾಯದಲ್ಲಿಯೂ ವಾಗ್ಭಟನು ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿಯೂ ಇದನ್ನು ಕುರಿತು ಬರೆದಿದ್ದಾರೆ. ಸ್ಮೃತಿಯ ಲೋಪ, ಕತ್ತಲೆಯೊಳಕ್ಕೆ ಹೊಕ್ಕಂತಹ ಅನುಭವ, ನೋಡುವವರಿಗೆ ಭಯವಾಗುವಂತಹ ಅಂಗಚೇಷ್ಟೆ, ಬಾಯಲ್ಲಿ ನೊರೆ, ಅನಂತರ ನಿದ್ದೆಯಿಂದೆದ್ದವನಂತೆ ಎಚ್ಚರಗೊಳ್ಳುವುದು ಎಂಬ ಲಕ್ಷಣಗಳೆಲ್ಲ ಅಲ್ಲಿವೆ. ಸೆಳವು ಹದಿನೈದು ದಿನಕ್ಕೋ ಹನ್ನೆರಡು ದಿನಕ್ಕೋ ತಿಂಗಳಿಗೋ ಮರಳುತ್ತದೆಂದು ಚರಕನು ಹೇಳಿರುವುದೂ ಗಮನಾರ್ಹ. ಅಮಾವಾಸ್ಯೆ ಹುಣ್ಣಿಮೆಗಳಂದು ಮೂರ್ಛೆ ಬರುತ್ತದೆಂಬ ಹಳ್ಳಿಯ ಮಾತಿಗೂ ಇಂಥದೇ ಅನುಭವ ಬೇರಾಗಿರಬಹುದು. ಪಕ್ಷಕ್ಕೊಮ್ಮೆ ಬರುವ ರೋಗಕ್ಕೆ ಚಂದ್ರನನ್ನು ಕಾರಣನನ್ನಾಗಿ ಮಾಡುವುದು ಕಷ್ಟವೇನಲ್ಲ.

ಶೈವರಿಗೆ ಅಪಸ್ಮಾರವೆಂಬ ಹೆಸರು ಮತ್ತೊಂದು ದಾರಿಯಿಂದ ಪರಿಚಿತ. ನಟರಾಜನ ಪಾದದಡಿಯಲ್ಲಿ ಅಡಗಿ ಬಿದ್ದಿರುವ ಕುಬ್ಜನೇ ಅಪಸ್ಮಾರ ಪುರುಷ. ತಮಿಳರು ಅವನನ್ನು ಮುಯಲಗನ್ ಎಂದು ಕರೆಯುತ್ತಾರೆ. ತಮಿಳಿನಲ್ಲಿ ಆ ಹೆಸರು ಮೂರ್ಛೆರೋಗಕ್ಕೂ ಸಂದಿದೆ. ಅರುವತ್ತುಮೂವರು ಪುರಾತನರಲ್ಲಿ ಒಬ್ಬನಾದ ಜ್ಞಾನಸಂಬಂಧನು ಕೊಲ್ಲಿ ಮಳವನೆಂಬ ಅರಸನ ಮಗಳನ್ನು ಈ ಮುಯಲಗನ್ ರೋಗದಿಂದ ಬಿಡಿಸಿದ ಕಥೆ ಪೆರಿಯಪುರಾಣದಲ್ಲಿ ಬರುತ್ತದೆ. ಈ ಪ್ರತಿಮೆಯನ್ನು ಅರ್ಥಮಾಡಿಕೊಳ್ಳುವಲ್ಲಿ ಒಂದು ಎಚ್ಚರ ಬೇಕು. ಶಿವನು ಮೆಟ್ಟಿರುವುದು ಅವಿದ್ಯೆಯನ್ನು, ತನ್ನನ್ನು ತಾನು ಮರೆತ ಮರವೆಯನ್ನು, ರೋಗಿಯನ್ನಲ್ಲ. ಆದರೆ ಎರಡಕ್ಕೂ ಒಂದೇ ಹೆಸರಿದ್ದುದರಿಂದ, ರೋಗ ಬಂದವನನ್ನೇ ಕೀಳಾಗಿ ಕಾಣುವ, ಅವನ ಮೈಯಲ್ಲಿ ಏನೋ ಸೇರಿಕೊಂಡಿದೆಯೆಂದು ಬರೆ ಎಳೆಯುವ ಅನಾಚಾರಗಳಿಗೆ ಜನ ಧರ್ಮದ ಬೆಂಬಲವನ್ನು ಹುಡುಕಿಕೊಂಡರು. ಪ್ರತಿಮೆಯ ಅರ್ಥ ತಿಳಿದವರು ಆ ಬರೆಯನ್ನು ತಡೆಯಬೇಕಾಗಿತ್ತು.

ಇನ್ನು ಕಹಿಯ ವಿಚಾರಕ್ಕೆ ಬರೋಣ. ಆಯುರ್ವೇದದ ಷಡ್ರಸಗಳಲ್ಲಿ ತಿಕ್ತರಸವು ವಾಯು ಮತ್ತು ಆಕಾಶಗಳ ಪ್ರಾಧಾನ್ಯದಿಂದ ಹುಟ್ಟಿದುದು. ತಾನು ನಾಲಗೆಗೆ ರುಚಿಸದಿದ್ದರೂ ಅರುಚಿಯನ್ನು ಹೋಗಲಾಡಿಸುವುದು ಅದರ ವಿಶೇಷವೆಂದು ಚರಕನು ಚಮತ್ಕಾರವಾಗಿ ಹೇಳಿದ್ದಾನೆ. ಅದು ಕ್ರಿಮಿಹರ, ವಿಷಹರ, ಜ್ವರಹರ, ಕಫಪಿತ್ತಗಳನ್ನು ಒಣಗಿಸುತ್ತದೆ. ಅಪಸ್ಮಾರದಲ್ಲಿ ದೋಷಗಳು ಹೃದಯವನ್ನೂ ಸ್ರೋತಸ್ಸುಗಳನ್ನೂ ಮನಸ್ಸನ್ನೂ ಮುಚ್ಚಿಬಿಡುತ್ತವೆ, ಆ ಮುಚ್ಚಳಿಕೆಯನ್ನು ತೆರೆದು ಅವುಗಳನ್ನು ಎಚ್ಚರಗೊಳಿಸಬೇಕು ಎಂಬುದು ಪ್ರಾಚೀನರ ಸಿದ್ಧಾಂತವಾದುದರಿಂದ, ತೊಳೆಯುವ ಒಣಗಿಸುವ ಗುಣವುಳ್ಳ ಕಹಿಗೆ ಚಿಕಿತ್ಸೆಯಲ್ಲಿ ಎಡೆ ದೊರೆತದ್ದು ಸಹಜ.

ಆದರೆ ಅದೇ ಚರಕನು ಇನ್ನೊಂದು ಮಾತನ್ನೂ ಹೇಳಿದ್ದಾನೆ. ಮನೆಮದ್ದಿನವರು ಮರೆತಿರುವುದು ಇದನ್ನು. ತಿಕ್ತರಸವನ್ನು ಅತಿಯಾಗಿ ಸೇವಿಸಿದರೆ ಅದು ಧಾತುಗಳನ್ನು ಒಣಗಿಸಿ, ಬಲವನ್ನು ಕುಂದಿಸಿ, ವಾತವಿಕಾರಗಳನ್ನು ಉಂಟುಮಾಡುತ್ತದೆ. ಅಪಸ್ಮಾರದ ನಾಲ್ಕು ಬಗೆಗಳಲ್ಲಿ ಮೊದಲನೆಯದೇ ವಾತಜ. ನಡುಕ, ಹಲ್ಲು ಕಡಿಯುವುದು, ಏದುಸಿರು ಇದರ ಲಕ್ಷಣಗಳು. ಇಂತಹ ರೋಗಿಗೆ ಬರಿಯ ಕಹಿಕಷಾಯವನ್ನು ಕುಡಿಸುವುದು ಶಾಸ್ತ್ರದ ಪ್ರಕಾರವೇ ಬೆಂಕಿಗೆ ಗಾಳಿ ಹಾಕಿದಂತೆ. ಆದುದರಿಂದಲೇ ವಾತಜಕ್ಕೆ ಬಸ್ತಿಯೂ ಪಿತ್ತಜಕ್ಕೆ ವಿರೇಚನವೂ ಕಫಜಕ್ಕೆ ವಮನವೂ ಮುಖ್ಯವೆಂಬ ವಿಭಾಗವನ್ನು ಅವರು ಮಾಡಿದರು. ಮೂರ್ಛೆಗೆಲ್ಲ ಕಹಿಯೇ ಮದ್ದೆಂಬ ಮಾತಿಗೆ ಚರಕನಲ್ಲಿ ಆಧಾರ ದೊರೆಯುವುದಿಲ್ಲ.

ಅವರು ಕಹಿಯನ್ನು ಬಳಸಿದ ರೀತಿಯೇ ಬೇರೆ. ಚರಕನ ಮಹಾಪಂಚಗವ್ಯ ಘೃತವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ದಶಮೂಲ, ತ್ರಿಫಲೆ, ಎರಡು ಬಗೆಯ ಅರಿಸಿನಗಳೊಡನೆ ಕುಟಜ ಅಂದರೆ ಕೊಡಸಿಗೆಯ ತೊಗಟೆ, ಸಪ್ತಪರ್ಣ ಅಂದರೆ ಹಾಲೆಮರ, ಉತ್ತರಣೆ, ನೀಲಿ, ಕಟುಕರೋಹಿಣಿ, ಕಕ್ಕೆ ಮುಂತಾದವುಗಳನ್ನು ಒಂದೊಂದನ್ನೂ ಎರಡೆರಡು ಪಲದಂತೆ ತೆಗೆದುಕೊಂಡು, ಒಂದು ದ್ರೋಣ ನೀರಿನಲ್ಲಿ ಹಾಕಿ ಕಾಲುಭಾಗ ಉಳಿಯುವವರೆಗೆ ಕಾಯಿಸಬೇಕು. ಪಲವೆಂದರೆ ಸುಮಾರು 48 ಗ್ರಾಂ, ದ್ರೋಣವೆಂದರೆ ಸುಮಾರು 12 ಲೀಟರು. ಆ ಮೇಲೆ ನೆಲಬೇವೂ ಸೇರಿದಂತೆ ಹಲವು ಮೂಲಿಕೆಗಳನ್ನು ಅರೆದು ಕೂಡಿಸಿ, ಗೋಮಯರಸ, ಹುಳಿಮೊಸರು, ಹಾಲು, ಗೋಮೂತ್ರಗಳೊಡನೆ ಹಸುವಿನ ತುಪ್ಪವನ್ನು ಪಾಕಮಾಡಬೇಕು. ಕಹಿಯ ಸಾರವೆಲ್ಲ ಸ್ನಿಗ್ಧವಾದ ತುಪ್ಪದೊಳಕ್ಕೆ ಇಳಿಯುತ್ತದೆ. ಒಣಗಿಸುವ ಕಹಿಯ ರೂಕ್ಷತೆಯನ್ನು ತುಪ್ಪದ ಜಿಡ್ಡು ಹಿಡಿದು ನಿಲ್ಲಿಸುತ್ತದೆ. ಬ್ರಾಹ್ಮೀಘೃತದಲ್ಲಿಯೂ ಇದೇ ನ್ಯಾಯ: ಬ್ರಾಹ್ಮೀರಸ, ಬಜೆ, ಕೋಷ್ಠ, ಶಂಖಪುಷ್ಪಿಗಳನ್ನು ಹಳೆಯ ತುಪ್ಪದಲ್ಲಿ ಪಕ್ವಮಾಡುವುದು. ತುಪ್ಪವನ್ನು ಬಿಟ್ಟು ಸೊಪ್ಪನ್ನು ಮಾತ್ರ ಕುದಿಸಿ ಕುಡಿಸುವ ಇಂದಿನ ರೂಢಿ ಆ ಗ್ರಂಥಗಳಿಗೆ ಅಪರಿಚಿತ. (ಹಾಲೆಮರದ ಕಹಿಯನ್ನು ಬರಿಯ ಕಷಾಯವಾಗಿ ಕುಡಿಯುವ ರೂಢಿ ಎಲ್ಲಿಯೂ ಇಲ್ಲವೆಂದಲ್ಲ. ದಕ್ಷಿಣ ಕನ್ನಡ ಕಾಸರಗೋಡುಗಳಲ್ಲಿ ಆಟಿ ಅಮಾವಾಸ್ಯೆಯಂದು ಮನೆಮಂದಿಯೆಲ್ಲ ಪಾಲೆಯ ತೊಗಟೆಯ ಕಷಾಯವನ್ನು ಮುಖ ಕಿವಿಚಿಕೊಂಡೇ ಕುಡಿಯುತ್ತಾರೆ. ಆದರೆ ಅದು ವರ್ಷಕ್ಕೊಂದು ದಿನ, ಮಳೆಗಾಲದ ಆರೋಗ್ಯಕ್ಕಾಗಿ.)

ಇನ್ನೊಂದು ತೊಡಕು ಅಂಗಡಿಯಲ್ಲಿಯೇ ಇದೆ. ಬ್ರಾಹ್ಮಿಯನ್ನು ಕೊಡಿರೆಂದರೆ ಒಂದು ಕಡೆ ನೀರುಬ್ರಾಹ್ಮಿ ಸಿಗುತ್ತದೆ, ಇನ್ನೊಂದು ಕಡೆ ಒಂದೆಲಗ ಸಿಗುತ್ತದೆ. ತಮಿಳರ ವಲ್ಲಾರೈ, ತುಳುವರ ತಿಮರೆ ಈ ಒಂದೆಲಗವೇ. ಸಸ್ಯಶಾಸ್ತ್ರದಲ್ಲಿ ಮೊದಲನೆಯದು ಬಕೋಪ, ಎರಡನೆಯದು ಸೆಂಟೆಲ್ಲ. ಕುಲವೂ ಬೇರೆ, ಸತ್ತ್ವವೂ ಬೇರೆ. ಶಂಖಪುಷ್ಪಿಯದಂತೂ ಮೂವರು ಹಕ್ಕುದಾರರ ವ್ಯಾಜ್ಯ. ಉತ್ತರದವರು ಒಂದು ಬಗೆಯ ನೆಲಬಳ್ಳಿಯನ್ನು ಆ ಹೆಸರಿನಿಂದ ಕರೆದರೆ, ಕೆಲವರು ವಿಷ್ಣುಕ್ರಾಂತಿಯನ್ನೂ ದಕ್ಷಿಣದ ಹಲವರು ಗಿರಿಕರ್ಣಿಕೆಯನ್ನೂ ಶಂಖಪುಷ್ಪಿಯೆನ್ನುತ್ತಾರೆ. ಹಿಮಾಲಯದ ಕಿರಾತತಿಕ್ತ, ನಮ್ಮವರ ಕಿರಾತಕಡ್ಡಿ, ಇಲ್ಲಿ ದುರ್ಲಭವಾದುದರಿಂದ ಅದರ ಸ್ಥಾನಕ್ಕೆ ನೆಲಬೇವು ಬಂದು ಕುಳಿತಿತು. ಎರಡೂ ಕಹಿ ನಿಜ. ಆದರೆ ಕಹಿಯಾದುದೆಲ್ಲ ಒಂದೇ ಔಷಧವೆಂದು ತಿಳಿಯುವುದು ಬಿಳಿಯದೆಲ್ಲ ಹಾಲೆಂದಂತೆ.

ಕನ್ನಡ ನಾಡಿನ ವೈದ್ಯಪರಂಪರೆ ಸಣ್ಣದಲ್ಲ. 12ನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, 14ನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣಗಳನ್ನು ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. ವೀರಶೈವರಲ್ಲಿ ವೈದ್ಯ ಸಂಗಣ್ಣನು ತನ್ನ ಕಾಯಕದ ಪರಿಭಾಷೆಯನ್ನೇ ಅಧ್ಯಾತ್ಮಕ್ಕೆ ಅಳವಡಿಸಿ ವಚನಗಳನ್ನು ರಚಿಸಿದ ಶರಣ. ವೀರಶೈವನಾದ ಬಸವರಾಜನು ಸಂಸ್ಕೃತದಲ್ಲಿ ತೆಲುಗನ್ನು ಬೆರೆಸಿ ಬರೆದ 25 ಪ್ರಕರಣಗಳ ಬಸವರಾಜೀಯವು ಆಂಧ್ರ ಕರ್ಣಾಟಕಗಳ ವೈದ್ಯರಿಗೆ ಬಹುಕಾಲ ಕೈಪಿಡಿಯಾಗಿತ್ತು. ಈ ಗ್ರಂಥದಲ್ಲಿ ಪಾದರಸ ಮುಂತಾದ ರಸೌಷಧಗಳಿಗೆ ದೊರೆತ ಪ್ರಾಧಾನ್ಯವನ್ನು ನೋಡಿದರೆ, ವೈದ್ಯರು ಕಹಿಕಷಾಯಗಳಿಂದ ಲೋಹಭಸ್ಮಗಳ ಕಡೆಗೆ ಸರಿದ ಕಾಲದ ಗತಿ ತಿಳಿಯುತ್ತದೆ. ಸರಿಯಾಗಿ ಶೋಧಿಸದ ಸೀಸ ಪಾದರಸಗಳು ತಾವೇ ಸೆಳವನ್ನು ತರಬಲ್ಲವೆಂಬುದು ಈಗ ಸಿದ್ಧವಾದ ಸಂಗತಿ. ಹಿಂದಿನವರ ವಿದ್ಯೆಯನ್ನು ಗೌರವಿಸುವುದೆಂದರೆ ಅವರು ಬರೆದುದನ್ನೆಲ್ಲ ಇಂದು ನುಂಗುವುದೆಂದು ಅರ್ಥವಲ್ಲ.

ಕಹಿಯೂ ನಿರಪಾಯವಲ್ಲ. ಶಿಶುಗಳಿಗೆ ಬೇವಿನೆಣ್ಣೆಯನ್ನು ಕುಡಿಸುವ ಪದ್ಧತಿ ದಕ್ಷಿಣ ಭಾರತೀಯರಲ್ಲಿ ಉಂಟು. ಕಡಲಾಚೆ ನೆಲಸಿದ ನಮ್ಮವರು ಅದನ್ನೂ ಜೊತೆಗೆ ಒಯ್ದರು. ಮಲೇಷಿಯಾದಲ್ಲಿ ಹೀಗೆ ಬೇವಿನೆಣ್ಣೆ ಕುಡಿದ 13 ಶಿಶುಗಳು ವಾಂತಿ, ಮಂಪರು, ಸೆಳವುಗಳಿಂದ ಆಸ್ಪತ್ರೆ ಸೇರಿದುದನ್ನು ಅಲ್ಲಿಯ ವೈದ್ಯರು 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಮಾಡಿದರು. ಸೆಳವಿಗೆಂದು ನಂಬಿದ ಕಹಿಯೇ ಸೆಳವನ್ನು ತಂದಿತ್ತು. ಹಸುಗೂಸಿನ ನಾಲಗೆಗೆ ಬಜೆಯನ್ನು ತೇಯ್ದು ತಿನ್ನಿಸುವುದು ನಮ್ಮ ಮನೆಗಳಲ್ಲಿ ವಾಡಿಕೆ; ಬಜೆಯಲ್ಲಿರುವ ಅಸರೋನ್ ಎಂಬ ಅಂಶವು ಇಲಿಗಳಲ್ಲಿ ಅರ್ಬುದವನ್ನುಂಟುಮಾಡಿದ ಕಾರಣ ಅಮೆರಿಕದಲ್ಲಿ 1968ರಲ್ಲಿಯೇ ಆಹಾರಪದಾರ್ಥಗಳಿಗೆ ಅದನ್ನು ಸೇರಿಸುವುದು ನಿಷಿದ್ಧವಾಯಿತು. ಯುರೋಪಿನಲ್ಲಿಯೂ ಮಾಚಿಪತ್ರೆಯ ಜಾತಿಯ ಕಹಿ ಬೇರನ್ನು ಅಪಸ್ಮಾರಕ್ಕೆ ಕೊಡುತ್ತಿದ್ದರು. ಆ ವರ್ಗದ ಗಿಡಗಳ ತೈಲದಲ್ಲಿರುವ ಥುಜೋನ್ ಸೆಳವನ್ನು ಕೆರಳಿಸುವ ವಸ್ತುವೆಂದು ಆಮೇಲೆ ಗೊತ್ತಾಯಿತು.

ಎಲ್ಲಕ್ಕಿಂತ ಮುಖ್ಯವಾದುದು ಮಾತ್ರೆಯ ಜೊತೆಗೆ ಸೊಪ್ಪನ್ನೂ ಸೇವಿಸುವವರ ಪ್ರಸಂಗ. ಮುಂಬಯಿಯಲ್ಲಿ ಫಿನಿಟಾಯಿನ್ ಮಾತ್ರೆಯಿಂದ ಹತೋಟಿಯಲ್ಲಿದ್ದ ಇಬ್ಬರು ರೋಗಿಗಳಿಗೆ, ಶಂಖಪುಷ್ಪಿಯ ಔಷಧವನ್ನೂ ಸೇವಿಸತೊಡಗಿದ ಮೇಲೆ, ಸೆಳವು ಮರಳಿತು. ಅದರ ಕಾರಣವನ್ನು ಹುಡುಕಿದ ಸಂಶೋಧಕರು ಆ ಔಷಧದಿಂದ ಇಲಿಗಳ ರಕ್ತದಲ್ಲಿ ಫಿನಿಟಾಯಿನ್ನಿನ ಪ್ರಮಾಣ ಇಳಿಯುವುದನ್ನು ಕಂಡು 1992ರಲ್ಲಿ ಪ್ರಕಟಿಸಿದರು. ಸೊಪ್ಪಿನಿಂದ ಒಳ್ಳೆಯದಾಗದಿದ್ದರೂ ಕೆಟ್ಟದ್ದಂತೂ ಆಗುವುದಿಲ್ಲವೆಂದು ಹೇಳುವ ಹಿತೈಷಿಗಳು ಈ ಪ್ರಸಂಗವನ್ನು ನೆನಪಿನಲ್ಲಿಡಬೇಕು. ನೀರುಬ್ರಾಹ್ಮಿಯಲ್ಲಿ ಸೆಳವನ್ನು ತಗ್ಗಿಸುವ ಗುಣವಿದೆಯೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತಕ್ಕಮಟ್ಟಿಗೆ ಸೂಚಿಸಿವೆ. ಆದರೆ ಮನುಷ್ಯರ ಅಪಸ್ಮಾರಕ್ಕೆ ಅದನ್ನೇ ನೆಚ್ಚಬಹುದೆಂದು ಸಿದ್ಧಪಟ್ಟಿಲ್ಲ.

ಆಧುನಿಕ ವೈದ್ಯಕ್ಕೂ ನೆಚ್ಚಿಕೆಯ ಔಷಧ ದೊರೆತು ಬಹಳ ಕಾಲವಾಗಿಲ್ಲ. ಲಂಡನ್ನಿನ ಲೋಕಾಕ್ ಎಂಬ ವೈದ್ಯನು 1857ರಲ್ಲಿ ಬ್ರೋಮೈಡಿನ ಉಪಯೋಗವನ್ನು ಹೇಳಿದನು. ಜರ್ಮನಿಯ ಹಾಪ್ಟ್‌ಮನ್ 1912ರಲ್ಲಿ ಫಿನೋಬಾರ್ಬಿಟೋನಿನ ಗುಣವನ್ನು ಕಂಡುಕೊಂಡನು. 1938ರಲ್ಲಿ ಫಿನಿಟಾಯಿನ್ ಬಂದಿತು. ಅಂದರೆ ದಂಡಿನ ಜನಕ್ಕಾಗಿ ಬೌರಿಂಗ್ ಆಸ್ಪತ್ರೆ 1868ರಲ್ಲಿ ತೆರೆದಾಗ ಅಲ್ಲಿಯ ವೈದ್ಯನ ಕೈಯಲ್ಲಿಯೂ ಬ್ರೋಮೈಡಿಗಿಂತ ಹೆಚ್ಚಿನದೇನೂ ಇರಲಿಲ್ಲ. ಹಲಸೂರಿನ ಅಜ್ಜಿಯರು ಕಹಿಕಷಾಯವನ್ನು ಕಾಯಿಸಿದ್ದಕ್ಕೆ ಅವರನ್ನು ಹಳಿಯುವ ಅಧಿಕಾರ ನಮಗಿಲ್ಲ. ಬೇರೆ ಗತಿಯಿಲ್ಲದ ಕಾಲದ ಮದ್ದು ಅದು. ಗತಿ ದೊರೆತ ಮೇಲೂ ಅದನ್ನೇ ಹಿಡಿದುಕೊಳ್ಳುವುದು ಬೇರೆ ಮಾತು.

ದೊರೆತ ಗತಿ ದುಬಾರಿಯದೂ ಅಲ್ಲ. ಬೆಂಗಳೂರಿನ ನರರೋಗತಜ್ಞ ಡಾ. ಕೆ. ಎಸ್. ಮಣಿಯವರು ಸಂಗಡಿಗರೊಡನೆ ಇಂದಿನ ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ 1990ರ ದಶಕದಲ್ಲಿ ಹಳ್ಳಿಗರಿಗೆ ಇವೇ ಎರಡು ಅಗ್ಗದ ಮಾತ್ರೆಗಳನ್ನು, ಫಿನೋಬಾರ್ಬಿಟೋನ್ ಇಲ್ಲವೇ ಫಿನಿಟಾಯಿನ್ನನ್ನು, ಕೊಟ್ಟು ವರ್ಷಗಳ ಕಾಲ ಗಮನಿಸಿದರು. ಹಲವರಿಗೆ ಸೆಳವು ನಿಂತಿತು. ಚಿಕಿತ್ಸೆಗೆ ಮುನ್ನ ಸೆಳವುಗಳ ಸಂಖ್ಯೆ ಕಡಮೆಯಿದ್ದವರಲ್ಲಿ ಫಲ ಹೆಚ್ಚಾಗಿತ್ತು. 2001ರಲ್ಲಿ ಇದರ ವಿವರ ಲ್ಯಾನ್ಸೆಟ್‌ನಲ್ಲಿ ಅಚ್ಚಾಯಿತು. ಕಷಾಯದಲ್ಲಿ ಕಳೆದ ವರ್ಷಗಳ ಬೆಲೆಯೇನೆಂಬುದು ಇದರಿಂದ ಸ್ಪಷ್ಟ. ಬೆಂಗಳೂರಿನ ನಗರ ಹಾಗೂ ಗ್ರಾಮಭಾಗಗಳಲ್ಲಿ 1993-95ರಲ್ಲಿ 1,02,557 ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿದಾಗ ಸಾವಿರಕ್ಕೆ 8.8 ಮಂದಿಗೆ ಅಪಸ್ಮಾರವಿರುವುದು ಕಂಡುಬಂದಿತು; ನಗರದಲ್ಲಿ 5.7, ಹಳ್ಳಿಗಳಲ್ಲಿ 11.9. ಯಾವ ಬೀದಿಯೂ ಈ ರೋಗಕ್ಕೆ ಹೊರತಲ್ಲ. ಮಾತ್ರೆ ಸಪ್ಪೆಯೆಂದು ಅನುಮಾನಿಸುವವರಿಗೆ ಒಂದು ಮಾತು: ಫಿನೋಬಾರ್ಬಿಟೋನ್ ಕೂಡ ನಾಲಗೆಗೆ ತುಸು ಕಹಿಯೇ.

ಪ್ರಾಚೀನರ ಔಷಧಗಳನ್ನು ನಾವು ಇಷ್ಟು ವಿಮರ್ಶಿಸಿದರೂ ಅವರ ಒಂದು ವಿಧಿ ಇಂದಿಗೂ ಕಿಂಚಿತ್ತೂ ಹಳತಾಗಿಲ್ಲ. ಅಪಸ್ಮಾರಿಯನ್ನು ನೀರು, ಬೆಂಕಿ, ಮರ, ಬೆಟ್ಟ, ತಗ್ಗುದಿಣ್ಣೆಗಳಿಂದ ಸದಾ ಕಾಪಾಡಬೇಕು, ಅವು ಕೂಡಲೇ ಪ್ರಾಣವನ್ನು ತೆಗೆಯುವಂಥವು ಎಂದು ಚರಕನು ಆಜ್ಞಾಪಿಸಿದ್ದಾನೆ. ಕೆರೆಯ ಏರಿ, ಕಲ್ಯಾಣಿಯ ಮೆಟ್ಟಿಲು, ಒಲೆಯ ಮುಂಭಾಗ ಇವೆಲ್ಲ ಆ ಮಾತಿನೊಳಗೆ ಬಂದುವು. ಇವುಗಳಿಗೆ ನಮ್ಮ ನಾಡಿನ ಬಚ್ಚಲುಮನೆಯನ್ನೂ ಸೇರಿಸಬೇಕು. ತಲೆಯ ಮೇಲೆ ಬಿಸಿನೀರನ್ನು ಚೊಂಬುಚೊಂಬಾಗಿ ಸುರಿದುಕೊಳ್ಳುವಾಗಲೇ ಸೆಳವು ಬರುವ ಒಂದು ವಿಚಿತ್ರ ಅಪಸ್ಮಾರವುಂಟು. ಲೋಕದ ಬೇರೆಡೆಗಳಲ್ಲಿ ವಿರಳವಾದ ಇದು ಬೆಂಗಳೂರು ಮೈಸೂರು ಸೀಮೆಗಳಲ್ಲಿ ಹೆಚ್ಚಾಗಿರುವುದನ್ನು ಡಾ. ಮಣಿಯವರೇ 1968ರಲ್ಲಿ ವಿವರಿಸಿದ್ದರು. ಡಾ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಇಂತಹ 279 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಇದಕ್ಕೆ ಮೊದಲ ಚಿಕಿತ್ಸೆ ಯಾವ ಸೊಪ್ಪೂ ಅಲ್ಲ, ಹಂಡೆಯ ಕೆಳಗಿನ ಉರಿಯನ್ನು ತಗ್ಗಿಸುವುದು. ಉಗುರುಬೆಚ್ಚಗಿನ ನೀರು ಸಾಕು. ಅದರಿಂದ ಸಾಲದಾದರೆ ಸ್ನಾನಕ್ಕೆ ಮುಂಚೆ ನುಂಗಲು ವೈದ್ಯರು ಮಾತ್ರೆಯೊಂದನ್ನು ಕೊಡುತ್ತಾರೆ. ತಲೆಸ್ನಾನದ ದಿನ ಮಾತ್ರ ಮೂರ್ಛೆ ಬರುತ್ತದೆಂಬ ಕಾರಣಕ್ಕೆ ಹಬ್ಬಹರಿದಿನಗಳ ದೇವತೆ ಮುನಿದಳೆಂದು ಊಹಿಸಿದ ಮನೆಗಳಿಗೆ ಈ ಸರಳ ಸಂಗತಿ ತಿಳಿದಿದ್ದರೆ ಎಷ್ಟೋ ಹರಕೆಗಳು ಉಳಿಯುತ್ತಿದ್ದುವು.

ಸೆಳವು ಬಂದಾಗ ಕಬ್ಬಿಣದ ಬೀಗದಕೈಯನ್ನು ಹಿಡಿಸುವುದು, ಚಪ್ಪಲಿಯನ್ನು ಮೂಸಿಸುವುದು ನಿರರ್ಥಕ. ಬಾಯೊಳಕ್ಕೆ ಕಹಿರಸವನ್ನು ಹಿಂಡುವುದಂತೂ ಅಪಾಯಕರ. ಎಚ್ಚರವಿಲ್ಲದವನ ಬಾಯಿಗೆ ಹಾಕಿದ ದ್ರವ ಶ್ವಾಸಕೋಶಕ್ಕೆ ಇಳಿಯುತ್ತದೆ. ಅವನನ್ನು ಮಗ್ಗುಲಾಗಿ ಮಲಗಿಸಿ, ತಲೆಯಡಿಗೆ ಮೆತ್ತನೆಯದೇನನ್ನಾದರೂ ಇಟ್ಟು, ಗಡಿಯಾರವನ್ನು ನೋಡುತ್ತ ಕೂಡಬೇಕು. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು.

ಕಹಿಮದ್ದಿಗೆ ಜನ ಮೊರೆಹೋಗುವುದರ ಹಿಂದೆ ಗುಟ್ಟನ್ನು ಕಾಪಾಡುವ ತವಕವೂ ಇದೆ. ಆಸ್ಪತ್ರೆಗೆ ಹೋದರೆ ನಾಲ್ಕು ಜನಕ್ಕೆ ತಿಳಿಯುತ್ತದೆ. ಹೆಣ್ಣುಮಗುವಾದರೆ ಮದುವೆಯ ಚಿಂತೆ. 1976ರ ತಿದ್ದುಪಡಿಯ ಮೂಲಕ ಹಿಂದೂ ವಿವಾಹ ಕಾಯಿದೆಯಲ್ಲಿಯೇ ಮರುಕಳಿಸುವ ಅಪಸ್ಮಾರವನ್ನು ಉನ್ಮಾದದ ಪಕ್ಕದಲ್ಲಿಟ್ಟು ವಿವಾಹಕ್ಕೆ ಅಡ್ಡಿಯೆಂದು ನಮೂದಿಸಲಾಗಿತ್ತು. 1999ರಲ್ಲಿ ಆ ಮಾತನ್ನು ಕಾಯಿದೆಯಿಂದ ತೆಗೆದುಹಾಕಿದರು. ಕಾಯಿದೆಯಿಂದ ಹೋದ ಕಳಂಕ ಬೀಗರ ಮಾತಿನಿಂದ ಇನ್ನೂ ಪೂರ್ಣವಾಗಿ ಹೋಗಿಲ್ಲ.

ಭಕ್ತರಿಗೆ ಸಂಬಂಧಿಸಿದ ಒಂದು ವಿಚಾರ ಉಳಿದಿದೆ. ಮಹಾಶಿವರಾತ್ರಿಯಂದು ಸೋಮೇಶ್ವರನ ಸನ್ನಿಧಿಯಲ್ಲಿಯೂ ಇತರ ಶಿವಾಲಯಗಳಲ್ಲಿಯೂ ಜಾಗರಣೆಯಿರುತ್ತದೆ. ನಿದ್ರೆಗೆಡುವುದು ಸೆಳವನ್ನು ಕೆರಳಿಸುವ ಪ್ರಬಲ ಕಾರಣಗಳಲ್ಲಿ ಒಂದು. ಉಪವಾಸದ ನೆಪದಲ್ಲಿ ಮಾತ್ರೆಯನ್ನು ಬಿಡುವುದು ಮತ್ತೊಂದು. ವರ್ಷವೆಲ್ಲ ನೆಮ್ಮದಿಯಾಗಿದ್ದವನು ಮರುದಿನ ಬೆಳಗ್ಗೆ ಬೀಳುವುದು ಹೀಗೆ. ರೋಗಿಗೆ ಉಪವಾಸ ಜಾಗರಣೆಗಳ ಕಟ್ಟಳೆಯಿಲ್ಲವೆಂದು ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಅಪಸ್ಮಾರವಿರುವವರ ಮನೆಯ ಯಜಮಾನರು ಆ ಮಾತನ್ನು ಹಬ್ಬದ ಹಿಂದಿನ ದಿನವೇ ಅವರಿಗೆ ತಿಳಿಸಿಬಿಡಬೇಕು. ಸಂಜೆಯ ಪೂಜೆಯನ್ನು ಮುಗಿಸಿ, ಹಾಲುಹಣ್ಣನ್ನು ಸ್ವೀಕರಿಸಿ, ಹೊತ್ತಿಗೆ ಸರಿಯಾಗಿ ಮಾತ್ರೆಯನ್ನು ನುಂಗಿ ಅವರು ಮಲಗಿಕೊಳ್ಳಲಿ.